ಮಯೋ-ಡಿ ಇಲ್ಲದ ಇಲಿಗೂ ಸ್ನಾಯು ಬೆಳೆಯುವುದೇಕೆ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ದೇಹದ ಎಲ್ಲ ಜೀವಕೋಶಗಳಲ್ಲೂ ಡಿಎನ್‌ಎ ಒಂದೇ ಆದರೂ ಒಂದು ಕೋಶ ಸ್ನಾಯುವಾಗುವುದು, ಇನ್ನೊಂದು ಚರ್ಮವಾಗುವುದು ವಂಶವಾಹಿಗಳ ನಿಯಂತ್ರಣದಿಂದ ಎಂದು ವಿವರಿಸುವಾಗ, ಮಯೋ-ಡಿ ಎಂಬ ಒಂದೇ ವಂಶವಾಹಿಯನ್ನು ಸೇರಿಸಿದರೆ ಚರ್ಮದ ಕೋಶವೂ ಸ್ನಾಯುವಾಗುತ್ತದೆ ಎಂಬ ಉದಾಹರಣೆ ಕೊಡುತ್ತಿದ್ದೆ. ಆದರೆ ಆ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳು ಆರೋಗ್ಯವಾಗಿ ಬದುಕುತ್ತವೆ ಎಂದು ಈಚೆಗೆ ಓದಿದೆ. ಸೇರಿಸಿದರೆ ಸ್ನಾಯುವನ್ನು ಹುಟ್ಟಿಸುವಂಥದ್ದು, ತೆಗೆದರೆ ಏನೂ ಆಗದೆ ಇರುವುದು ಹೇಗೆ? ಇದನ್ನು ಕೇಳಿದ ನನ್ನ ವಿದ್ಯಾರ್ಥಿನಿಯೊಬ್ಬಳು, ಸ್ನಾಯು ಕ್ಷಯಿಸುವ ಕಾಯಿಲೆಯ ಮಕ್ಕಳಿಗೆ ಮಯೋ-ಡಿ ಕೊಟ್ಟರೆ ಗುಣವಾಗಬಹುದಲ್ಲವೇ ಎಂದೂ ಕೇಳಿದ್ದಾಳೆ. ದಯವಿಟ್ಟು ವಿವರಿಸಿ.

ಉತ್ತರ: ನೀವು ಓದಿರುವ ಎರಡು ಸಂಗತಿಗಳೂ ನಿಜ. ಅವು ಒಂದಕ್ಕೊಂದು ವಿರುದ್ಧವೆಂದು ತೋರುವಂತೆ ಮಾಡುವುದು ನಾವೆಲ್ಲ ತರಗತಿಯಲ್ಲಿ ಬಳಸುವ 'ಮಾಸ್ಟರ್ ಸ್ವಿಚ್' ಎಂಬ ಮಾತು. ಸ್ವಿಚ್ ಎಂದೊಡನೆ ಒಂದು ಗುಂಡಿ, ಅದಕ್ಕೆ ಕಟ್ಟಿದ ಒಂದು ದೀಪ ಕಣ್ಣ ಮುಂದೆ ಬರುತ್ತದೆ. ಗುಂಡಿಯನ್ನು ಕಿತ್ತರೆ ದೀಪ ಹತ್ತಬಾರದು. ಭ್ರೂಣದಲ್ಲಿರುವ ವ್ಯವಸ್ಥೆ ಹಾಗಿಲ್ಲ. ಅಲ್ಲಿರುವುದು ನಾಲ್ವರು ಒಡಹುಟ್ಟಿದವರ ಒಂದು ಮನೆತನ. ಅವರು ಒಬ್ಬರನ್ನೊಬ್ಬರು ಎಬ್ಬಿಸುತ್ತಾರೆ, ಒಬ್ಬರು ಇಲ್ಲದಾಗ ಇನ್ನೊಬ್ಬರು ಬಹುಮಟ್ಟಿಗೆ ಆ ಕೆಲಸ ನಡೆಸಿಕೊಂಡು ಹೋಗುತ್ತಾರೆ. ಆದರೆ ನಾಲ್ವರಲ್ಲಿ ಯಾರೇ ಆಗಲಿ, ಸುತ್ತಲಿನವರ ಒಪ್ಪಿಗೆಯಿಲ್ಲದೆ ಏನನ್ನೂ ಮಾಡಲಾರರು. ಮಯೋ-ಡಿಯನ್ನು ಕಂಡುಹಿಡಿದ ಕಥೆಯಲ್ಲೇ ಈ ಉತ್ತರದ ಅರ್ಧ ಭಾಗ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1970ರ ದಶಕದ ಕೊನೆಯಲ್ಲಿ ಪೀಟರ್ ಜೋನ್ಸ್ ಮತ್ತು ಅವರ ಸಂಗಡಿಗರು, ಇಲಿಯ ಭ್ರೂಣದಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ 'ಟೆನ್-ಟಿ-ಹಾಫ್' ಎಂಬ ಕೋಶಗಳಿಗೆ 5-ಅಜಾಸಿಟಿಡೀನ್ ಎಂಬ ರಾಸಾಯನಿಕವನ್ನು ಹಾಕಿ ನೋಡಿದರು. ಈ ಕೋಶಗಳು ಫೈಬ್ರೋಬ್ಲಾಸ್ಟ್ ಜಾತಿಯವು, ಅಂದರೆ ಅಂಗಾಂಶಗಳ ನಡುವಿನ ನಾರುಪದರವನ್ನು ನೇಯುವ ಸಾಧಾರಣ ಕೋಶಗಳು. ಕೆಲವು ದಿನಗಳ ನಂತರ ಅದೇ ತಟ್ಟೆಯಲ್ಲಿ ಕೊಬ್ಬಿನ ಕೋಶಗಳು, ಮೃದ್ವಸ್ಥಿಯ ಕೋಶಗಳು, ಇವೆಲ್ಲಕ್ಕಿಂತ ಅಚ್ಚರಿಯಾಗಿ, ತಾವಾಗಿಯೇ ಮಿಡಿಯುವ ಸ್ನಾಯುಕೋಶಗಳು ಕಾಣಿಸಿಕೊಂಡವು. ಆ ರಾಸಾಯನಿಕ ಡಿಎನ್‌ಎಯ ಮೇಲೆ ಮೀಥೈಲ್ ಗುಂಪುಗಳು ಕೂರುವುದನ್ನು ತಡೆಯುತ್ತದೆ. ಡಿಎನ್‌ಎಯ ಅಕ್ಷರಗಳನ್ನು ಬದಲಿಸುವುದಿಲ್ಲ. ಅಂದರೆ ಕೋಶದಲ್ಲಿ ಮೊದಲೇ ಇದ್ದು ಮೊಹರು ಬಿದ್ದು ಮುಚ್ಚಿಹೋಗಿದ್ದ ಏನೋ ಒಂದು ತೆರೆದುಕೊಂಡಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1983ರಲ್ಲಿ, ಹೆಲೆನ್ ಬ್ಲಾವ್ ಅವರು ಇಲಿಯ ಸ್ನಾಯುಕೋಶವನ್ನೂ ಮನುಷ್ಯನ ಗರ್ಭಜಲದ ಕೋಶವನ್ನೂ ಬೆಸೆದು ಒಂದೇ ಕೋಶವಾಗಿಸಿದಾಗ, ಎಂದೂ ಸ್ನಾಯುವಾಗಿರದ ಆ ಮಾನವ ಕೋಶಕೇಂದ್ರ ಮಾನವ ಸ್ನಾಯುವಿನ ಪ್ರೋಟೀನುಗಳನ್ನು ತಯಾರಿಸತೊಡಗಿತು. ಸ್ನಾಯುವಿನ ವಂಶವಾಹಿಗಳು ಬೇರೆ ಕೋಶಗಳಲ್ಲಿ ನಾಶವಾಗಿರುವುದಿಲ್ಲ, ನಿದ್ರಿಸುತ್ತಿರುತ್ತವೆ ಎಂಬುದನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿದಿಲ್ಲ. ಮಯೋ-ಡಿಯ ಪ್ರಯೋಗಕ್ಕಿಂತ ಮೊದಲು ನೀವು ಇದನ್ನೇ ಹೇಳಬಹುದು.

ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್‌ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ ಮುಂದಿನ ಪ್ರಶ್ನೆ ಕೇಳಿತು: ಹೀಗೆ ತೆರೆದುಕೊಳ್ಳುವ ವಂಶವಾಹಿಗಳು ಎಷ್ಟು? ರಾಸಾಯನಿಕದಿಂದ ಸ್ನಾಯುವಿನ ಹಾದಿ ಹಿಡಿದಿದ್ದ ಕೋಶಗಳ ಡಿಎನ್‌ಎಯನ್ನು ತೆಗೆದು ಹೊಸ ಟೆನ್-ಟಿ-ಹಾಫ್ ಕೋಶಗಳಿಗೆ ಸೇರಿಸಿದಾಗ ಎಷ್ಟು ಕೋಶ ಬದಲಾದವು ಎಂದು 1986ರಲ್ಲಿ ಲೆಕ್ಕ ಹಾಕಿದರೆ, ಒಂದೇ ತಾಣ ಸಾಕು ಎಂಬ ಸೂಚನೆ ಸಿಕ್ಕಿತು. ಆಮೇಲೆ ಅವರು ಸ್ನಾಯುವಿನ ಹಾದಿಯಲ್ಲಿರುವ ಕೋಶಗಳಲ್ಲಿದ್ದು ಫೈಬ್ರೋಬ್ಲಾಸ್ಟ್‌ಗಳಲ್ಲಿಲ್ಲದ ಆರ್‌ಎನ್‌ಎಗಳನ್ನು ಹೆಕ್ಕಿ, ಒಂದೊಂದನ್ನೇ ಫೈಬ್ರೋಬ್ಲಾಸ್ಟ್‌ಗೆ ಹಾಕಿ ಪರೀಕ್ಷಿಸಿದರು. ಅವುಗಳಲ್ಲಿ ಒಂದು ಮಾತ್ರ ಫೈಬ್ರೋಬ್ಲಾಸ್ಟನ್ನು ಸ್ನಾಯುವಾಗಿಸಿತು. 1987ರಲ್ಲಿ ರಾಬರ್ಟ್ ಡೇವಿಸ್, ವೈನ್‌ಟ್ರಾಬ್ ಮತ್ತು ಆಂಡ್ರ್ಯೂ ಲಾಸರ್ ಪ್ರಕಟಿಸಿದ ಆ ವಂಶವಾಹಿಯೇ ಮಯೋ-ಡಿ. ಮುಂದೆ ಬಣ್ಣದ ಕೋಶ, ನರದ ಕೋಶ, ಕೊಬ್ಬಿನ ಕೋಶ, ಯಕೃತ್ತಿನ ಕೋಶಗಳ ತಳಿಗಳಲ್ಲೂ ಅದು ಸ್ನಾಯುವಿನ ವಂಶವಾಹಿಗಳನ್ನು ಎಬ್ಬಿಸಬಲ್ಲದೆಂದು ತಿಳಿದುಬಂತು. 'ಮಾಸ್ಟರ್' ಎಂಬ ಬಿರುದು ಅದಕ್ಕೆ ಬಂದದ್ದು ಹೀಗೆ. ಆದರೆ ಈ ಪ್ರಯೋಗ ಉತ್ತರಿಸಿದ್ದು "ಮಯೋ-ಡಿ ಒಂದೇ ಸಾಕಾಗುತ್ತದೆಯೇ?" ಎಂಬ ಪ್ರಶ್ನೆಯನ್ನು. "ಮಯೋ-ಡಿ ಇಲ್ಲದಿದ್ದರೆ ಆಗುವುದೇ ಇಲ್ಲವೇ?" ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಕೋಶವನ್ನು ಬೆಳೆಸುವ ತಟ್ಟೆಯಲ್ಲಿ ಉತ್ತರವಿಲ್ಲ, ಪ್ರಾಣಿಯಲ್ಲೇ ಹುಡುಕಬೇಕು.

ಪ್ರಾಣಿಯ ವಿಷಯಕ್ಕೆ ಹೋಗುವ ಮೊದಲು ಈ ಪ್ರೋಟೀನು ಮಾಡುವುದೇನು ಎಂಬುದನ್ನು ನೋಡಬೇಕು, ಏಕೆಂದರೆ ಒಡಹುಟ್ಟಿದವರು ಪರಸ್ಪರರ ಜಾಗ ತುಂಬಬಲ್ಲರೇಕೆ ಎಂಬುದು ಅದರ ರಚನೆಯಲ್ಲಿದೆ. ಮಯೋ-ಡಿ ಡಿಎನ್‌ಎಗೆ ಅಂಟಿಕೊಂಡು ಅಕ್ಕಪಕ್ಕದ ವಂಶವಾಹಿಯಿಂದ ಆರ್‌ಎನ್‌ಎ ಪ್ರತಿ ತೆಗೆಯುವಂತೆ ಮಾಡುವ ನಿಯಂತ್ರಕ ಪ್ರೋಟೀನು. ಅದು ಒಂಟಿಯಾಗಿ ಅಂಟುವುದಿಲ್ಲ. ದೇಹದ ಬಹುತೇಕ ಕೋಶಗಳಲ್ಲಿರುವ 'ಇ-ಪ್ರೋಟೀನು'ಗಳಲ್ಲಿ ಒಂದನ್ನು ಜೊತೆ ಮಾಡಿಕೊಂಡು, ಇಕ್ಕಳದಂತೆ ಡಿಎನ್‌ಎಯನ್ನು ಹಿಡಿಯುತ್ತದೆ. ಈ ಜೋಡಿ ಹುಡುಕುವ ಗುರುತಿಗೆ ಇ-ಬಾಕ್ಸ್ ಎಂದು ಹೆಸರು: ಮೊದಲ ಎರಡು ಅಕ್ಷರ ಸಿ, ಎ, ಕೊನೆಯ ಎರಡು ಟಿ, ಜಿ, ನಡುವಿನ ಎರಡು ಯಾವುವಾದರೂ ಆಗಬಹುದು. ಇಲ್ಲೊಂದು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ನಾಲ್ಕು ಅಕ್ಷರ ಮಾತ್ರ ನಿಗದಿಯಾಗಿರುವ ಈ ಗುರುತು ಆಕಸ್ಮಿಕವಾಗಿಯೇ ಸುಮಾರು 256 ಅಕ್ಷರಗಳಿಗೊಮ್ಮೆ ಬರಬೇಕು. 300 ಕೋಟಿ ಅಕ್ಷರಗಳ ನಮ್ಮ ಜೀನೋಮಿನಲ್ಲಿ ಅಂಥವು ಒಂದು ಕೋಟಿಗೂ ಹೆಚ್ಚು. ಸ್ನಾಯುವಿಗೆ ಬೇಕಾದ ವಂಶವಾಹಿಗಳಾದರೋ ಕೆಲವು ನೂರರಿಂದ ಸಾವಿರ. ಕೋಟಿ ಬಾಗಿಲುಗಳಿಗೂ ಒಂದೇ ಬೀಗದ ಕೈ ಹೊಂದುವುದಾದರೆ ಸರಿಯಾದ ಮನೆ ಸಿಗುವುದು ಹೇಗೆ?

ಇದಕ್ಕೆ ಒಂದೇ ಉತ್ತರವಿಲ್ಲ, ಹಲವು ಸೋಸುವಿಕೆಗಳಿವೆ. ಇ-ಬಾಕ್ಸ್‌ನ ನಡುವಿನ ಎರಡು ಅಕ್ಷರಗಳಲ್ಲಿ ಮಯೋ-ಡಿಗೆ ತನ್ನದೇ ಆಯ್ಕೆಯಿದೆ. ಅದು ಅಂಟಿದ ಮಾತ್ರಕ್ಕೆ ವಂಶವಾಹಿ ಎಚ್ಚರಗೊಳ್ಳುವುದೂ ಇಲ್ಲ. ಡಿಎನ್‌ಎಯನ್ನು ಮುಟ್ಟುವ ಭಾಗದಲ್ಲಿರುವ ಮೂರೇ ಮೂರು ಅಮೈನೋ ಆಮ್ಲಗಳು 'ಸ್ನಾಯುವಿನ ಅಧಿಕಾರ'ವನ್ನು ಕೊಡುತ್ತವೆ ಎಂದು ಡೇವಿಸ್ ಮತ್ತು ವೈನ್‌ಟ್ರಾಬ್ 1992ರಲ್ಲಿ ತೋರಿಸಿದರು. ಆ ಮೂರನ್ನು ತೆಗೆದು, ಸ್ನಾಯುವಿನೊಂದಿಗೆ ವಿಶೇಷ ಸಂಬಂಧವೇ ಇಲ್ಲದ ಇ-12 ಎಂಬ ಇ-ಪ್ರೋಟೀನಿಗೆ ಕೂರಿಸಿದರೆ, ಅದೂ ಫೈಬ್ರೋಬ್ಲಾಸ್ಟನ್ನು ಸ್ನಾಯುವಾಗಿಸತೊಡಗಿತು. ಇನ್ನೊಂದು ಸೋಸುವಿಕೆ ಕ್ರೊಮ್ಯಾಟಿನ್‌ನದು. ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುವಲ್ಲಿ ಬಹುತೇಕ ನಿಯಂತ್ರಕಗಳು ತಲುಪಲಾರವು. ಮಯೋ-ಡಿ ಮುಚ್ಚಿದ ಕೆಲವು ಜಾಗಗಳನ್ನೂ ತಲುಪಬಲ್ಲದು: ಮಯೋಜೆನಿನ್ ಎಂಬ ವಂಶವಾಹಿಯ ಮುಂಭಾಗದಲ್ಲಿ ಮೊದಲೇ ಬಂದು ಕುಳಿತಿರುವ ಪಿಬಿಎಕ್ಸ್ ಎಂಬ ಪ್ರೋಟೀನಿನ ಕೈಹಿಡಿದು ನಿಂತು, ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸುವ ಪಿ-300ನಂಥ ಕಿಣ್ವಗಳನ್ನೂ ಸುರುಳಿಗಳನ್ನು ಸರಿಸುವ ಯಂತ್ರಗಳನ್ನೂ ಅಲ್ಲಿಗೆ ಕರೆತರುತ್ತದೆ. 2010ರಲ್ಲಿ ಜೀನೋಮಿನಾದ್ಯಂತ ಹುಡುಕಿದಾಗ ಮಯೋ-ಡಿ ಹತ್ತಾರು ಸಾವಿರ ಕಡೆ ಅಂಟಿಕೊಂಡಿರುವುದು ಕಂಡುಬಂತು. ಆದರೆ ಹತ್ತಿರದ ವಂಶವಾಹಿ ಎಚ್ಚೆತ್ತದ್ದು ಅವುಗಳಲ್ಲಿ ಸಣ್ಣ ಪಾಲಿನಲ್ಲಿ ಮಾತ್ರ. ಉಳಿದ ಕಡೆ ಅದು ಅಂಟಿ, ಸುತ್ತಲಿನ ಹಿಸ್ಟೋನ್‌ಗಳಿಗೆ ಅಸಿಟೈಲ್ ಗುರುತು ಹಾಕಿಸಿ, ಅಷ್ಟಕ್ಕೇ ನಿಂತಿರುತ್ತದೆ.

ಮೆಫ್-2 ಎಂಬ ಇನ್ನೊಂದು ನಿಯಂತ್ರಕದ ಹೆಸರನ್ನೂ ಇಲ್ಲಿ ಹೇಳಲೇಬೇಕು. ಅದಕ್ಕೆ ಫೈಬ್ರೋಬ್ಲಾಸ್ಟನ್ನು ಸ್ನಾಯುವಾಗಿಸುವ ಶಕ್ತಿಯಿಲ್ಲ, ಆದರೆ ಮಯೋ-ಡಿ ಎಬ್ಬಿಸಿದ್ದನ್ನು ಗಟ್ಟಿಗೊಳಿಸುವ ಕೆಲಸ ಅದರದು. ನಮ್ಮಲ್ಲಿ ಮೆಫ್-2ರ ವಂಶವಾಹಿಗಳು ನಾಲ್ಕು. ಹಣ್ಣಿನ ನೊಣದಲ್ಲಿ ಒಂದೇ, ಮತ್ತು ಅದನ್ನು ಕಳೆದುಕೊಂಡ ನೊಣದ ಭ್ರೂಣದಲ್ಲಿ ಸ್ನಾಯುಪೂರ್ವ ಕೋಶಗಳು ಮೂಡುತ್ತವೆಯಾದರೂ ಅವು ಸ್ನಾಯುವಾಗಿ ಪಕ್ವಗೊಳ್ಳುವುದಿಲ್ಲ. ಮಯೋ-ಡಿಗೆ ಇನ್ನೊಂದು ಗುಣವಿದೆ, ನಿಮ್ಮ ಪ್ರಶ್ನೆಗೆ ಅದು ಬಹಳ ಮುಖ್ಯ: ಅದು ತನ್ನದೇ ವಂಶವಾಹಿಯನ್ನೂ ಎಬ್ಬಿಸುತ್ತದೆ, ತನ್ನ ಒಡಹುಟ್ಟಿದವರನ್ನೂ ಎಬ್ಬಿಸುತ್ತದೆ. ಹೀಗಾಗಿ ಹೊರಗಿನಿಂದ ಹಾಕಿದ ಒಂದು ಪ್ರತಿ ಕೋಶದೊಳಗಿನ ಸುಪ್ತ ಪ್ರತಿಗಳನ್ನು ಎಚ್ಚರಗೊಳಿಸಿದ ಮೇಲೆ ಆ ವರ್ತುಲ ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ. ತಟ್ಟೆಯಲ್ಲಿ ಒಂದೇ ವಂಶವಾಹಿ ಇಡೀ ಕೆಲಸ ಮಾಡಿದಂತೆ ಕಂಡದ್ದು ಇದರಿಂದ. ನಿಜವಾಗಿ ಅದು ಇಡೀ ಮನೆಯನ್ನು ಎಬ್ಬಿಸಿತ್ತು.

ಆ ಮನೆಯವರು ಯಾರು? 1989ರ ಒಂದೇ ವರ್ಷದಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಉಳಿದ ಮೂವರನ್ನೂ ಗುರುತಿಸಿದವು: ಮಿಫ್-5, ಮಯೋಜೆನಿನ್, ಎಂಆರ್‌ಎಫ್-4. ನಾಲ್ಕರಲ್ಲಿ ಯಾವುದನ್ನು ಟೆನ್-ಟಿ-ಹಾಫ್ ಕೋಶಕ್ಕೆ ಹಾಕಿದರೂ ಅದು ಸ್ನಾಯುವಿನ ಹಾದಿ ಹಿಡಿಯುತ್ತದೆ. ಡಿಎನ್‌ಎಯನ್ನು ಹಿಡಿಯುವ ಭಾಗ ನಾಲ್ಕರಲ್ಲೂ ಬಹುತೇಕ ಒಂದೇ. ಹೀಗಿದ್ದಮೇಲೆ ಮಯೋ-ಡಿಗೇ 'ಮಾಸ್ಟರ್' ಪಟ್ಟ ಸಿಕ್ಕಿದ್ದು ಅದು ಮೊದಲು ಸಿಕ್ಕಿತು ಎಂಬ ಕಾರಣಕ್ಕೂ ಹೌದು ಎನ್ನುವುದು ನನ್ನ ಅಭಿಪ್ರಾಯ.

ಈಗ ಇಲಿಗಳು. 1992ರಲ್ಲಿ ಮೈಕೆಲ್ ರುಡ್ನಿಕಿ, ರುಡಾಲ್ಫ್ ಯೆನಿಶ್ ಮತ್ತು ಸಂಗಡಿಗರು ಮಯೋ-ಡಿ ಇಲ್ಲದ ಇಲಿಗಳನ್ನು ಪಡೆದಾಗ ಅವು ಹುಟ್ಟಿದವು, ಓಡಾಡಿದವು, ಮರಿ ಹಾಕಿದವು; ಸ್ನಾಯುವಿನಲ್ಲಿ ಕಣ್ಣಿಗೆ ಬೀಳುವ ಕೊರತೆಯಿರಲಿಲ್ಲ. ನೀವು ಓದಿದ್ದು ಈ ಇಲಿಗಳ ಬಗ್ಗೆಯೇ. ಅವುಗಳ ಸ್ನಾಯುವಿನಲ್ಲಿ ಮಿಫ್-5 ಇರಬೇಕಾದದ್ದಕ್ಕಿಂತ ಹೆಚ್ಚಾಗಿತ್ತು. ಅದೇ ವರ್ಷ ಮಿಫ್-5 ಇಲ್ಲದ ಇಲಿಗಳು ಬಂದವು. ಅವುಗಳಲ್ಲೂ ಸ್ನಾಯು ಹೆಚ್ಚುಕಡಿಮೆ ಸರಿಯಿತ್ತು, ಭ್ರೂಣದಲ್ಲಿ ಮೊದಲ ಸ್ನಾಯುಗಳು ಮೂಡುವುದು ಮಾತ್ರ ಮಯೋ-ಡಿ ಕಾಣಿಸಿಕೊಳ್ಳುವವರೆಗೆ ತಡವಾಗಿತ್ತು. 1993ರಲ್ಲಿ ಎರಡನ್ನೂ ಕಳೆದುಕೊಂಡ ಇಲಿಮರಿಗಳು ಹುಟ್ಟಿದಾಗ ಅಲುಗಾಡಲಿಲ್ಲ, ಉಸಿರಾಡಲಾರದೆ ಸತ್ತವು. ಅವುಗಳಲ್ಲಿ ಅಸ್ಥಿಸ್ನಾಯುವೇ ಇರಲಿಲ್ಲ. ಸ್ನಾಯುಪೂರ್ವ ಕೋಶಗಳೂ ಇರಲಿಲ್ಲ. ಸ್ನಾಯುವಾಗಬೇಕಿದ್ದ ಕೋಶಗಳು ಭ್ರೂಣದಲ್ಲಿ ದಾರಿ ತಪ್ಪಿ ಮೃದ್ವಸ್ಥಿಯ ಕಡೆಗೋ ಚರ್ಮದ ಒಳಪದರದ ಕಡೆಗೋ ಹೋಗಿ ಅಲ್ಲಿಯವೇ ಆಗಿಬಿಡುತ್ತವೆ ಎಂಬುದು ಮುಂದೆ ತಿಳಿಯಿತು. ಮಯೋಜೆನಿನ್ ಇಲ್ಲದ ಇಲಿಗಳ ಕಥೆ ಬೇರೆ. ಅಲ್ಲಿ ಸ್ನಾಯುಪೂರ್ವ ಕೋಶಗಳು ಧಾರಾಳವಾಗಿ ಇದ್ದವು, ತಮ್ಮ ಜಾಗದಲ್ಲೇ ಇದ್ದವು, ಆದರೆ ಬೆಸೆದುಕೊಂಡು ಎಳೆಗಳಾಗಲಿಲ್ಲ. ಮರಿಗಳು ಹುಟ್ಟುತ್ತಲೇ ಸತ್ತವು. ಹೀಗಾಗಿ ಮಯೋ-ಡಿ ಮತ್ತು ಮಿಫ್-5 ಕೋಶದ ಜಾತಿಯನ್ನು ನಿರ್ಧರಿಸುವಲ್ಲಿ ಪರಸ್ಪರರ ಜಾಗ ತುಂಬುತ್ತವೆ, ಮಯೋಜೆನಿನ್ ಅನಂತರದ ಪಕ್ವತೆಯ ಹೊಣೆ ಹೊತ್ತಿದೆ ಎಂಬ ಚೊಕ್ಕ ಚಿತ್ರ ಪಠ್ಯಪುಸ್ತಕಗಳಿಗೆ ಸೇರಿತು.

ನಿಮ್ಮ ಪ್ರಶ್ನೆಗೆ ಅಷ್ಟು ಉತ್ತರ ಸಾಕಿತ್ತು. ಆದರೆ ಆ ಚೊಕ್ಕ ಚಿತ್ರದಲ್ಲೊಂದು ಬಿರುಕಿತ್ತು, ಮತ್ತು ವಂಶವಾಹಿಗಳ ನಿಯಂತ್ರಣವೆಂದರೇನು ಎಂಬುದನ್ನು ಆ ಬಿರುಕೇ ಹೆಚ್ಚು ಚೆನ್ನಾಗಿ ಕಲಿಸುತ್ತದೆ. 1992ರ ಮಿಫ್-5 ರಹಿತ ಇಲಿಗಳು ಸ್ನಾಯು ಸರಿಯಿದ್ದರೂ ಹುಟ್ಟುತ್ತಲೇ ಸತ್ತಿದ್ದವು. ಕಾರಣ, ಅವುಗಳ ಪಕ್ಕೆಲುಬುಗಳು ಬೆಳೆದಿರಲಿಲ್ಲ. ಸ್ನಾಯುವಿನ ವಂಶವಾಹಿ ಹೋದರೆ ಮೂಳೆ ಏಕೆ ಕೆಡಬೇಕು? ಹಲವು ವರ್ಷ ಇದಕ್ಕೆ ಜಾಣ ವಿವರಣೆಗಳು ಹುಟ್ಟಿಕೊಂಡವು. 2000ರಲ್ಲಿ, ಮಿಫ್-5ನ್ನು ಕೆಡಿಸಲು ಅಲ್ಲಿ ತೂರಿಸಿದ್ದ ಪ್ರಯೋಗಾಲಯದ ಡಿಎನ್‌ಎ ತುಂಡನ್ನು ಹಿಂದೆ ಬಿಡದೆ ಹೊಸ ಇಲಿಗಳನ್ನು ಮಾಡಿ ನೋಡಿದಾಗ ಪಕ್ಕೆಲುಬುಗಳು ನೆಟ್ಟಗಿದ್ದವು, ಇಲಿಗಳು ಬದುಕಿ ಸಂತಾನವನ್ನೂ ಪಡೆದವು. ಮಿಫ್-5 ಮತ್ತು ಎಂಆರ್‌ಎಫ್-4 ಒಂದೇ ವರ್ಣತಂತುವಿನಲ್ಲಿ, ಕೆಲವೇ ಸಾವಿರ ಅಕ್ಷರಗಳ ಅಂತರದಲ್ಲಿ, ಒಂದೇ ಗೋಡೆಯ ಆಚೀಚೆಯ ಮನೆಗಳಂತಿವೆ. ಅವೆರಡನ್ನೂ ಯಾವಾಗ, ದೇಹದ ಯಾವ ಭಾಗದಲ್ಲಿ ಎಬ್ಬಿಸಬೇಕೆಂದು ಹೇಳುವ ಎನ್‌ಹಾನ್ಸರ್ ಎಂಬ ನಿಯಂತ್ರಕ ತುಣುಕುಗಳು ಒಂದು ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ದೂರದವರೆಗೆ ಹರಡಿಕೊಂಡಿವೆ. ಒಂದು ಮನೆಗೆ ತೂರಿಸಿದ ಪರಕೀಯ ಡಿಎನ್‌ಎ ತುಂಡು ನೆರೆಮನೆಯ ಸಂಪರ್ಕವನ್ನೂ ಕೆಡಿಸಿತ್ತು.

ಹಾಗಾದರೆ 1993ರ ಇಲಿಗಳಲ್ಲಿ ಇಲ್ಲದೆ ಹೋಗಿದ್ದು ಇಬ್ಬರೋ ಮೂವರೋ? ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಯಲ್ಲಿ ಶಹ್ರಗಿಂ ತಾಜ್‌ಬಕ್ಷ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಬಿಡಿಸಿದರು. ಮಯೋ-ಡಿ, ಮಿಫ್-5 ಎರಡೂ ಇಲ್ಲದೆ ಎಂಆರ್‌ಎಫ್-4 ಮಾತ್ರ ಸರಿಯಾಗಿ ಉಳಿದಿರುವ ಭ್ರೂಣಗಳಲ್ಲಿ ಸ್ನಾಯು ಮೂಡಿತು. ಅದುವರೆಗೆ ಕೊನೆಯ ಹಂತದ ಕೆಲಸಗಾರನೆಂದು ತಿಳಿದಿದ್ದ ಎಂಆರ್‌ಎಫ್-4ಗೂ ಭ್ರೂಣದ ಆರಂಭದಲ್ಲಿ ಕೋಶದ ಜಾತಿ ನಿರ್ಧರಿಸುವ ಶಕ್ತಿಯಿದೆ ಎಂದಾಯಿತು. ಪ್ರೋಟೀನನ್ನು ಬರೆಯುವ ಅಕ್ಷರಗಳಿಗೆ ಏನೂ ಆಗದೆಯೇ, ಅದನ್ನು ಎಬ್ಬಿಸುವ ಅಕ್ಷರಗಳು ಅಲುಗಿದ್ದರಿಂದಲೇ ಹನ್ನೊಂದು ವರ್ಷ ಒಂದು ವಂಶವಾಹಿಯ ಪಾತ್ರ ಮರೆಯಾಗಿತ್ತು. ಹಳೆಯ ಪುಸ್ತಕಗಳಲ್ಲಿ ಈಗಲೂ 1993ರ ಚಿತ್ರವೇ ಇರುವುದರಿಂದ ಈ ತಿದ್ದುಪಡಿಯನ್ನು ನಿಮ್ಮ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳಿ.

ಈ ನಾಲ್ವರನ್ನು ಎಬ್ಬಿಸುವವರು ಯಾರು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಭ್ರೂಣದ ಬೆನ್ನಿನ ಉದ್ದಕ್ಕೂ ಎರಡು ಸಾಲಾಗಿ ಸೊಮೈಟ್ ಎಂಬ ಕೋಶಗಳ ಉಂಡೆಗಳು ಮೂಡುತ್ತವೆ. ಮುಂಡದ ಮತ್ತು ಕೈಕಾಲುಗಳ ಸ್ನಾಯುಗಳೆಲ್ಲ ಅವುಗಳಿಂದ ಬರುತ್ತವೆ. ಪಕ್ಕದ ನರನಾಳದಿಂದ ವಿಂಟ್, ಕೆಳಗಿನ ನೋಟೊಕಾರ್ಡ್‌ನಿಂದ ಸೋನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತಗಳು ಹರಿದುಬಂದು ಬೆನ್ನಿಗೆ ಹತ್ತಿರದ ಕೋಶಗಳಲ್ಲಿ ಮಿಫ್-5ನ್ನು ಎಬ್ಬಿಸುತ್ತವೆ. ಕೈಕಾಲಿಗೆ ವಲಸೆ ಹೋಗುವ ಕೋಶಗಳಲ್ಲಾದರೋ ಆ ಕೆಲಸ ಪ್ಯಾಕ್ಸ್-3 ಎಂಬ ನಿಯಂತ್ರಕದ್ದು. ಅದು ಮಿಫ್-5ರಿಂದ ಸುಮಾರು 57 ಸಾವಿರ ಅಕ್ಷರಗಳಾಚೆ ಇರುವ ಎನ್‌ಹಾನ್ಸರ್‌ನ ಮೇಲೆ ಕುಳಿತು ಆಜ್ಞೆ ಕೊಡುತ್ತದೆ. ಪ್ಯಾಕ್ಸ್-3 ಕೆಟ್ಟ ಇಲಿಗಳ ಕೈಕಾಲುಗಳಲ್ಲಿ ಸ್ನಾಯುವಿರುವುದಿಲ್ಲ. ಅದೇ ಇಲಿಗಳ ದವಡೆ, ಮುಖದ ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ, ಏಕೆಂದರೆ ತಲೆಯ ಸ್ನಾಯುಗಳನ್ನು ಎಬ್ಬಿಸುವುದು ಪಿಟ್‌ಎಕ್ಸ್-2, ಟಿಬಿಎಕ್ಸ್-1 ಮುಂತಾದ ಬೇರೆಯ ನಿಯಂತ್ರಕಗಳು. ದಾರಿಗಳು ಹಲವಾದರೂ ಎಲ್ಲವೂ ಬಂದು ಸೇರುವುದು ಆ ನಾಲ್ವರ ಅಂಗಳಕ್ಕೇ. ಇದು ಅಸ್ಥಿಸ್ನಾಯುವಿಗೆ ಮಾತ್ರ ಸಲ್ಲುವ ಮಾತು: ಹೃದಯದ ಸ್ನಾಯು ಮಯೋ-ಡಿಯನ್ನಾಗಲಿ ಅದರ ಒಡಹುಟ್ಟಿದವರನ್ನಾಗಲಿ ಬಳಸುವುದಿಲ್ಲ, ಅದರ ನಿಯಂತ್ರಕಗಳ ತಂಡವೇ ಬೇರೆ.

ಎಬ್ಬಿಸುವವರಷ್ಟೇ ತಡೆಯುವವರೂ ಮುಖ್ಯ. ಸ್ನಾಯುಪೂರ್ವ ಕೋಶದಲ್ಲಿ ಮಯೋ-ಡಿ ತುಂಬಿಕೊಂಡಿದ್ದರೂ ಅದು ಕೂಡಲೇ ಸ್ನಾಯುವಾಗಬಾರದು. ಮೊದಲು ಸಾಕಷ್ಟು ಬಾರಿ ವಿಭಜನೆಗೊಂಡು ಸಂಖ್ಯೆ ಹೆಚ್ಚಬೇಕು. ಆ ಅವಧಿಯಲ್ಲಿ ಐಡಿ ಎಂಬ ಪ್ರೋಟೀನು ಮಯೋ-ಡಿಯ ಜೊತೆಗಾರನಾದ ಇ-ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಡಿಗೆ ಡಿಎನ್‌ಎಯನ್ನು ಮುಟ್ಟುವ ಭಾಗವೇ ಇಲ್ಲವಾದ್ದರಿಂದ ಅದರೊಂದಿಗೆ ಸೇರಿದ ಜೋಡಿ ನಿಷ್ಪ್ರಯೋಜಕ. ಇದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಬಹುದು. ವಯಸ್ಕ ಇಲಿಯ ಗಾಯಗೊಂಡ ತೊಡೆಸ್ನಾಯುವಿನಿಂದ 1977ರಲ್ಲಿ ಯಾಫೆ ಮತ್ತು ಸ್ಯಾಕ್ಸೆಲ್ ಪಡೆದ ಸಿ-2 ಎಂಬ ಕೋಶಗಳ ಸಂತತಿಯನ್ನು ಜಗತ್ತಿನಾದ್ಯಂತ ಇಂದಿಗೂ ಬೆಳೆಸುತ್ತಾರೆ. ಪೋಷಕ ದ್ರವದಲ್ಲಿ ಬೆಳವಣಿಗೆಯ ಅಂಶಗಳು ತುಂಬಿರುವವರೆಗೆ ಅವು ವಿಭಜಿಸುತ್ತಲೇ ಇರುತ್ತವೆ. ಆ ಅಂಶಗಳನ್ನು ಒದಗಿಸುವ ಸೀರಂನ (ರಕ್ತದ ತಿಳಿದ್ರವದ) ಪ್ರಮಾಣವನ್ನು ನೂರಕ್ಕೆ ಎರಡರಷ್ಟಕ್ಕೆ ಇಳಿಸಿದರೆ ಐಡಿ ಕುಸಿಯುತ್ತದೆ, ಮಯೋ-ಡಿ ತನ್ನ ಜೊತೆಗಾರನನ್ನು ಪಡೆಯುತ್ತದೆ, ಪಿ-21 ಎಂಬ ಪ್ರೋಟೀನನ್ನು ಹೆಚ್ಚಿಸಿ ವಿಭಜನೆಯನ್ನು ಶಾಶ್ವತವಾಗಿ ನಿಲ್ಲಿಸುತ್ತದೆ, ಮಯೋಜೆನಿನ್ ಏರುತ್ತದೆ. ಮುಂದೆ ಕೋಶಪೊರೆಯ ಮೇಲೆ 2013ರಲ್ಲಿ ಪತ್ತೆಯಾದ ಮಯೋಮೇಕರ್ ಎಂಬ ಪ್ರೋಟೀನು ಬರುತ್ತದೆ, ಕೋಶಗಳು ಸಾಲಾಗಿ ನಿಂತು ಒಂದರೊಳಗೊಂದು ಬೆಸೆದು, ಹಲವು ಕೋಶಕೇಂದ್ರಗಳುಳ್ಳ ಉದ್ದನೆಯ ನಾಳಗಳಾಗುತ್ತವೆ. ಐದಾರು ದಿನಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅವುಗಳಲ್ಲಿ ಕೆಲವು ತಾವಾಗಿಯೇ ಮಿಡಿಯುವುದು ಕಾಣುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬಾರದ ದೃಶ್ಯ ಅದು.

ಎಲ್ಲ ಕೋಶಗಳೂ ಹೀಗೆ ಸುಲಭವಾಗಿ ಒಲಿಯುವುದಿಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಮಾನವ ಭ್ರೂಣದ ಆಕರಕೋಶಗಳಿಗೆ ಮಯೋ-ಡಿ ಒಂದನ್ನೇ ಹಾಕಿದರೆ ಫಲ ಅಷ್ಟಕ್ಕಷ್ಟೆ. ಕ್ರೊಮ್ಯಾಟಿನ್ ಸರಿಸುವ ಯಂತ್ರದ ಬಿಎಎಫ್-60ಸಿ ಎಂಬ ಬಿಡಿಭಾಗ ಅವುಗಳಲ್ಲಿ ಇಲ್ಲ, ಅದನ್ನೂ ಸೇರಿಸಿದರೆ ಸ್ನಾಯು ಬರುತ್ತದೆ. 1987ರಲ್ಲಿ ಟೆನ್-ಟಿ-ಹಾಫ್ ಕೋಶದ ಬದಲು ಇಂಥ ಕೋಶವನ್ನು ಆರಿಸಿಕೊಂಡಿದ್ದರೆ ಮಯೋ-ಡಿ ಗಮನಕ್ಕೇ ಬರದೆ ಹೋಗುತ್ತಿತ್ತೇನೋ.

ಇನ್ನು, ಮಯೋ-ಡಿ ಇಲ್ಲದ ಇಲಿಗಳು 'ಆರೋಗ್ಯವಾಗಿ' ಇವೆ ಎಂಬ ಮಾತು. ಅದು ಗಾಯವಾಗುವವರೆಗೆ ಮಾತ್ರ ನಿಜ. ಬೆಳೆದ ಸ್ನಾಯುವಿನ ಎಳೆಗಳು ವಿಭಜಿಸಲಾರವು. ದುರಸ್ತಿಯ ಹೊಣೆ ಎಳೆಯ ಅಂಚಿಗೆ ಅಂಟಿಕೊಂಡಿರುವ ಸ್ಯಾಟಲೈಟ್ ಕೋಶಗಳದು. ಅಲೆಗ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಅವನ್ನು ಗುರುತಿಸಿದರು. ಪ್ಯಾಕ್ಸ್-7 ಎಂಬ ನಿಯಂತ್ರಕವನ್ನು ಹೊತ್ತುಕೊಂಡು ಅವು ವರ್ಷಗಟ್ಟಲೆ ಮಲಗಿರುತ್ತವೆ. ಮಲಗಿರುವಾಗಲೂ ಮಿಫ್-5ರ ಆರ್‌ಎನ್‌ಎಯನ್ನು ತಯಾರಿಸಿ, ಮೈಕ್ರೋ ಆರ್‌ಎನ್‌ಎ-31ರ (ಬೇರೆ ಆರ್‌ಎನ್‌ಎಗೆ ಅಂಟಿಕೊಂಡು ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎ) ಕಾವಲಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿರುತ್ತವೆ. ಗಾಯವಾದೊಡನೆ ಬೀಗ ತೆಗೆದರೆ ಪ್ರೋಟೀನು ಸಿದ್ಧ. ಇದಾದ ಕೆಲವೇ ಗಂಟೆಗಳಲ್ಲಿ ಮಯೋ-ಡಿ ಏರುತ್ತದೆ. 1996ರಲ್ಲಿ ರುಡ್ನಿಕಿ ಅವರ ತಂಡವೇ ಮಯೋ-ಡಿ ರಹಿತ ಇಲಿಗಳ ಸ್ನಾಯುವಿಗೆ ಗಾಯ ಮಾಡಿ ನೋಡಿದಾಗ ಹೊಸ ಎಳೆಗಳು ಸರಿಯಾಗಿ ಮೂಡಲಿಲ್ಲ: ಸ್ಯಾಟಲೈಟ್ ಕೋಶಗಳು ಪಕ್ವಗೊಳ್ಳುವ ಬದಲು ವಿಭಜನೆಯಲ್ಲೇ ಉಳಿದವು. ಡಿಸ್ಟ್ರೋಫಿನ್ ಎಂಬ ಪ್ರೋಟೀನಿಲ್ಲದ ಇಲಿಗಳಲ್ಲಿ ಸ್ನಾಯು ಸದಾ ಹರಿದು ಸದಾ ದುರಸ್ತಿಯಾಗುತ್ತಿರುತ್ತದೆ. ಅಂಥ ಇಲಿಗಳಲ್ಲಿ ಮಯೋ-ಡಿಯನ್ನೂ ತೆಗೆದಾಗ ಕಾಯಿಲೆ ಬಹಳ ಉಲ್ಬಣಿಸಿತು. ಭ್ರೂಣದಲ್ಲಿ ಮಿಫ್-5 ತುಂಬಿಕೊಟ್ಟ ಜಾಗವನ್ನು ವಯಸ್ಕ ಸ್ನಾಯುವಿನಲ್ಲಿ ಅದು ಪೂರ್ತಿ ತುಂಬಿಕೊಡಲಾರದು. ಪ್ರಾಣಿ ಪಂಜರದಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿದ್ದರೆ ಈ ಕೊರತೆ ಕಾಣುವುದಿಲ್ಲ. (ಹಣ್ಣಿನ ನೊಣದ ಹಾರಾಟದ ಸ್ನಾಯುವಿನಲ್ಲೂ ಇಂಥ ಸ್ಯಾಟಲೈಟ್ ಕೋಶಗಳಿವೆ ಎಂದು 2017ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಕೆ. ವಿಜಯರಾಘವನ್ ಅವರ ತಂಡ.)

ಆರ್‌ಎನ್‌ಎ ತಯಾರಾದ ನಂತರವೂ ನಿಯಂತ್ರಣ ಮುಗಿಯುವುದಿಲ್ಲ ಎಂಬುದಕ್ಕೆ ಟೆಕ್ಸೆಲ್ ಎಂಬ ಕುರಿ ತಳಿಯನ್ನು ಉದಾಹರಿಸಬಹುದು. ಮಯೋಸ್ಟಾಟಿನ್ ಎಂಬ ಪ್ರೋಟೀನು ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುತ್ತದೆ; ಬೆಲ್ಜಿಯನ್ ಬ್ಲೂ ದನಗಳಲ್ಲಿ ಅದರ ವಂಶವಾಹಿಯಲ್ಲೇ 11 ಅಕ್ಷರಗಳು ಬಿಟ್ಟುಹೋಗಿರುವುದರಿಂದ ಅವುಗಳ ಮೈ ಸ್ನಾಯುಗಳಿಂದ ಉಬ್ಬಿರುತ್ತದೆ. ಟೆಕ್ಸೆಲ್ ಕುರಿಯ ಮಯೋಸ್ಟಾಟಿನ್ ಪ್ರೋಟೀನಿನಲ್ಲಿ ಯಾವ ದೋಷವೂ ಇಲ್ಲ. ಆದರೆ ಅದರ ಆರ್‌ಎನ್‌ಎಯ ಬಾಲದಲ್ಲಿ, ಪ್ರೋಟೀನಿಗೆ ಸಂಬಂಧಿಸದ ಭಾಗದಲ್ಲಿ, ಜಿ ಇರಬೇಕಾದಲ್ಲಿ ಎ ಇದೆ. ಆ ಒಂದಕ್ಷರದಿಂದ ಸ್ನಾಯುವಿನಲ್ಲೇ ಹೇರಳವಾಗಿರುವ ಮೈಕ್ರೋ ಆರ್‌ಎನ್‌ಎ-1 ಮತ್ತು 206 ಅಂಟಿಕೊಳ್ಳಲು ಹೊಸ ಜಾಗ ಸೃಷ್ಟಿಯಾಗಿ, ಮಯೋಸ್ಟಾಟಿನ್ ತಯಾರಿಕೆ ಕುಗ್ಗಿ, ಕುರಿ ಮಾಂಸಲವಾಗುತ್ತದೆ ಎಂದು 2006ರಲ್ಲಿ ತಿಳಿಯಿತು. ಆ ಎರಡು ಮೈಕ್ರೋ ಆರ್‌ಎನ್‌ಎಗಳನ್ನು ಎಬ್ಬಿಸುವವರಲ್ಲಿ ಮಯೋ-ಡಿಯೂ ಒಂದು.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ಮಕ್ಕಳಲ್ಲಿ ಸ್ನಾಯು ಕ್ಷಯಿಸುವ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಡುಶೇನ್ ಸ್ನಾಯುಕ್ಷಯ. ಅದು ಬಹುತೇಕ ಗಂಡುಮಕ್ಕಳಲ್ಲೇ ಕಾಣುತ್ತದೆ. ಅವರಲ್ಲಿ ಮಯೋ-ಡಿಗೆ ಕೊರತೆಯಿಲ್ಲ, ಸ್ನಾಯು ಹುಟ್ಟುವುದಕ್ಕೂ ಅಡ್ಡಿಯಿಲ್ಲ. ಕೆಟ್ಟಿರುವುದು ಎಕ್ಸ್ ವರ್ಣತಂತುವಿನ ಮೇಲಿರುವ ಡಿಸ್ಟ್ರೋಫಿನ್ ವಂಶವಾಹಿ. ಅದು 20 ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದವಿದ್ದು, ಒಂದು ಪ್ರತಿ ತೆಗೆಯಲು ಕೋಶಕ್ಕೆ ಸುಮಾರು 16 ಗಂಟೆ ಹಿಡಿಯುತ್ತದೆ. ಕೊನೆಗೆ 79 ತುಣುಕುಗಳನ್ನು ಜೋಡಿಸಿ ಉಳಿಸಿಕೊಳ್ಳುವ ಸಂದೇಶ ಅದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಯೋ-ಡಿ ಕೊಟ್ಟು ಇನ್ನಷ್ಟು ಕೋಶಗಳನ್ನು ಸ್ನಾಯುವಾಗಿಸಿದರೂ ಆ ಕೋಶಗಳೂ ಅದೇ ಕೆಟ್ಟ ಡಿಸ್ಟ್ರೋಫಿನ್ ವಂಶವಾಹಿಯನ್ನೇ ಹೊತ್ತಿರುತ್ತವೆ. ಜೊತೆಗೆ, ಸ್ಯಾಟಲೈಟ್ ಕೋಶಗಳನ್ನೆಲ್ಲ ಒಮ್ಮೆಲೇ ಪಕ್ವಗೊಳಿಸಿಬಿಟ್ಟರೆ ಮುಂದಿನ ದುರಸ್ತಿಗೆ ಬೀಜವೇ ಉಳಿಯುವುದಿಲ್ಲ. ಈ ಮಕ್ಕಳ ಹೃದಯಕ್ಕೂ ಕಾಯಿಲೆ ತಟ್ಟುತ್ತದೆ; ಅಲ್ಲಂತೂ ಮಯೋ-ಡಿಗೆ ಕೆಲಸವೇ ಇಲ್ಲ. ಮಯೋ-ಡಿ ಇದ್ದ ಮಾತ್ರಕ್ಕೆ ಸ್ನಾಯು ಪಕ್ವವಾಗುತ್ತದೆ ಎಂಬ ಭರವಸೆಯೂ ಇಲ್ಲ: ಮಕ್ಕಳಲ್ಲಿ ಬರುವ ರ‍್ಯಾಬ್ಡೊಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆಯ ಕೋಶಗಳಲ್ಲಿ ಮಯೋ-ಡಿ, ಮಯೋಜೆನಿನ್ ಎರಡೂ ಇರುತ್ತವೆ, ಆದರೂ ಅವು ವಿಭಜಿಸುತ್ತಲೇ ಇರುತ್ತವೆ. ರೋಗಶಾಸ್ತ್ರಜ್ಞರು ಗಡ್ಡೆಯ ತುಣುಕಿಗೆ ಈ ಎರಡು ಪ್ರೋಟೀನುಗಳ ಬಣ್ಣ ಹಾಕಿಯೇ ಆ ರೋಗವನ್ನು ಗುರುತಿಸುತ್ತಾರೆ.

ಆದರೂ ಅವಳ ಯೋಚನೆ ವ್ಯರ್ಥವಲ್ಲ ಎಂದು ಅವಳಿಗೆ ಹೇಳಿ. ಡುಶೇನ್ ಕಾಯಿಲೆಯ ಹುಡುಗನ ಸ್ನಾಯುವನ್ನು ಪದೇ ಪದೇ ಕತ್ತರಿಸಿ ತೆಗೆಯುವುದು ಕಷ್ಟ, ಅವನಿಗೆ ಉಳಿದಿರುವುದೇ ಸ್ವಲ್ಪ. ಅದರ ಬದಲು ಚರ್ಮದ ಚಿಕ್ಕ ಚೂರೊಂದನ್ನು ತೆಗೆದು, ಅದರ ಫೈಬ್ರೋಬ್ಲಾಸ್ಟ್‌ಗಳನ್ನು ಬೆಳೆಸಿ, 1987ರ ಆ ಪ್ರಯೋಗದಂತೆಯೇ ಮಯೋ-ಡಿ ಹಾಕಿ ತಟ್ಟೆಯಲ್ಲಿ ಸ್ನಾಯುವಾಗಿಸುತ್ತಾರೆ. ಚರ್ಮದಲ್ಲಿ ಮಲಗಿದ್ದ ಅವನ ಡಿಸ್ಟ್ರೋಫಿನ್ ವಂಶವಾಹಿ ಅಲ್ಲಿ ಎಚ್ಚೆತ್ತು, ತನ್ನ ದೋಷದೊಂದಿಗೇ ಆರ್‌ಎನ್‌ಎ ಬರೆಯತೊಡಗುತ್ತದೆ. ಕೆಟ್ಟ ತುಣುಕನ್ನು ಹಾರಿಸಿ ಉಳಿದವನ್ನು ಜೋಡಿಸುವ ಔಷಧಿಗಳು ಆ ಹುಡುಗನ ದೋಷಕ್ಕೆ ಒಗ್ಗುತ್ತವೆಯೇ ಎಂಬುದನ್ನು ಅವನ ಮೈಗೆ ಸೂಜಿ ಚುಚ್ಚುವ ಮೊದಲು ಆ ತಟ್ಟೆಯಲ್ಲೇ ಪರೀಕ್ಷಿಸಬಹುದು.